ಮುಕ್ಕಾಲು ಮುಗಿದ ಮೇಲೆ

ಮೇಷ್ಟ್ರು ಚೀಟಿಯಲ್ಲಿ ಬರೆದು ಕಳಿಸಿದ್ದು ಒಂದೇ ಸಾಲು:
‘ಕೈ ಬೆಳೆದಿದೆ. ಇನ್ನು ಮುಕ್ಕಾಲು ಸಾಲದು.’
ಓದಿ ನಕ್ಕೆ. ನಮ್ಮ ಮನೆಯಲ್ಲಿ
ಮುಕ್ಕಾಲು ದಾಟಿದ್ದು ಯಾವುದಿದೆ?
ಮುಕ್ಕಾಲು ಲೀಟರು ಹಾಲು, ಮುಕ್ಕಾಲು ಗೋಡೆಗೆ ಸುಣ್ಣ,
ತಿಂಗಳ ಮುಕ್ಕಾಲಿಗೇ ಮುಗಿಯುವ ಸಂಬಳ.
ಆದರೂ ಮೇಷ್ಟ್ರ ಚೀಟಿಗೆಂದು ನನ್ನ ಚೀಟಿ ಕೂಗಿದೆ,
ಎರಡು ಸಾವಿರ ತಳ್ಳಿ.

ಶಿವರಾಂಪೇಟೆಯ ಒಳಗಲ್ಲಿ, ಸೈಕಲ್ ಅಂಗಡಿಯ ಮಹಡಿ.
ಇನ್ನಾಸಪ್ಪನವರ ಅಂಗಡಿಗೆ ಬೋರ್ಡಿಲ್ಲ,
ಮರವಜ್ರದ ವಾಸನೆಯೇ ವಿಳಾಸ.
‘ಎಡಗೈ ಚಾಚಮ್ಮ.’ ಜೀವಿತಾ ಚಾಚಿದಳು.
ತೋಳಿನುದ್ದಕ್ಕೂ ಪಿಟೀಲು ಮಲಗಿಸಿ
ತುದಿಯ ಸುರುಳಿಯನ್ನು ಬೆರಳು ಬಳಸುತ್ತವೋ ನೋಡಿದರು.
ಲಂಗ ಹೊಲಿಯುವಾಗ ಎರಡಿಂಚು ಮಡಿಕೆ ಬಿಡುತ್ತೇನಲ್ಲ,
ಇದಕ್ಕೂ ಹಾಗೆ ಏನಾದರೂ ಉಂಟೇ ಎಂದೆ.
‘ಮರಕ್ಕೆ ಮಡಿಕೆ ಬಿಡೋಕಾಗಲ್ಲ ತಾಯಿ.
ಇದು ಕೊನೇ ಅಳತೆ. ಇನ್ನು ಬೆಳೆಯೋದು ಇವಳೊಬ್ಬಳೇ.’

ಚಾಪೆ ಹಾಸಿ ಮೂರನ್ನು ಇಟ್ಟರು.
ಬಲಪಾದದ ಮೇಲೆ ಸುರುಳಿ ಊರಿ ಕೂತಳು.
ಮೊದಲನೆಯದು ಮಂದ್ರದಲ್ಲಿ ನೆಗಡಿ ಹಿಡಿದವರ ಹಾಗೆ.
ಎರಡನೆಯದು ಕೆಂಪು, ಹೊಸ ಭರಣಿಯ ಹೊಳಪು.
ಮುಟ್ಟಿದ್ದೇ ಅವಳ ಮುಖವೂ ಕೆಂಪಾಯಿತು.
‘ಇದೇ ಅಮ್ಮ.’

ನನಗೆ ರಾಗ ಗೊತ್ತಿಲ್ಲ.
ಮಾಯಾಮಾಳವಗೌಳ ಎಂದರೆ ನನ್ನ ಪಾಲಿಗೆ
ಬೆಳಿಗ್ಗೆ ಕುಕ್ಕರಿನ ಜೊತೆ ಕೂಗುವ ಒಂದು ಸದ್ದು.
ಆದರೆ ಹದಿನೇಳು ವರ್ಷ ರೇಷ್ಮೆಮಗ್ಗದ ಮುಂದೆ ನಿಂತವಳು.
ನಲವತ್ತು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ
ಎಲ್ಲೋ ಒಂದು ಎಳೆ ಕಡಿದರೆ
ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತು.
‘ಇನ್ನೊಂದು ಸಲ ಎಳೆ,’ ಎಂದೆ.
ಎಳೆದಳು.
ಆ ಕೆಂಪಿನ ಹೊಟ್ಟೆಯೊಳಗೆ, ಪಂಚಮದ ಹಿಂದೆ,
ಜೀರುಂಡೆಮರಿಯಷ್ಟು ಸಣ್ಣಗೆ ಏನೋ ಝರ್ ಅಂದಿತು.
‘ಎಲ್ಲೋ ಬಿಟ್ಟಿದೆ ನೋಡಿ.’

ಇನ್ನಾಸಪ್ಪ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.
ಬೆರಳ ಗೆಣ್ಣಿನಿಂದ ಅಂಚಿನುದ್ದಕ್ಕೂ ತಟ್ಟುತ್ತ ಬಂದರು,
ಹಲಸು ಹಣ್ಣಾಯಿತೇ ನೋಡುವವರಂತೆ.
ಕೆಳಗಿನ ಬಳಸಿನಲ್ಲಿ ಸದ್ದು ಬದಲಾಯಿತು:
ಉಗುರಿನಗಲ ಅಂಟು ಬಿಟ್ಟಿತ್ತು.
‘ಯಾರ ಹತ್ತಿರ ಕಲಿತಿರಿ?’
‘ರಾತ್ರಿ ಪಾಳಿಯಲ್ಲಿ.’

ಮಗಳು ಮಾತಾಡಲಿಲ್ಲ.
ಕೆಂಪು ಕೈತಪ್ಪಿದ ಸಿಟ್ಟು ಮೂಗಿನ ತುದಿಯಲ್ಲಿ.
ಮೂರನೆಯದು ಅಚ್ಚುಬೆಲ್ಲದ ಬಣ್ಣ, ಮಂಕು,
ಕೊರಳಲ್ಲಿ ಯಾರದೋ ಹೆಬ್ಬೆರಳು ಸವೆಸಿದ ಗುರುತು.
ಒಲ್ಲದ ಊಟ ಕೆದಕುವಂತೆ ಕಮಾನು ಇಟ್ಟಳು.
ಕಿರುಬೆರಳು ಚಾಚಿದಳು. ತಲುಪಿತು.
ಮತ್ತೆ ಚಾಚಿದಳು.
ಆಮೇಲೆ ನಮ್ಮಿಬ್ಬರನ್ನೂ ಮರೆತಳು,
ಕೆಳಗೆ ಯಾರೋ ಟ್ಯೂಬಿಗೆ ಗಾಳಿ ಹೊಡೆಯುವುದನ್ನೂ.

ಹಳೆಯದಕ್ಕೆ ಮೂರು ಸಾವಿರ ಮುರಿದುಕೊಳ್ಳುತ್ತೇನೆ,
ಈ ದಾರ ಮಾತ್ರ ಬಿಚ್ಚಿಕೊಡಿ ಎಂದರು.
ರಿ ಎಲ್ಲಿ, ಗ ಎಲ್ಲಿ, ಮ ಎಲ್ಲಿ ಎಂದು
ಒಂಬತ್ತು ವರ್ಷದ ಬೆರಳಿಗೆ ತಿಳಿಯಲೆಂದು
ನಾನೇ ಕೊರಳಿಗೆ ಸುತ್ತಿದ್ದ, ಫ್ಯಾಕ್ಟರಿಯ ಕಸದ ಎಳೆ.
ಬೆವರು ಕುಡಿದು ಕಪ್ಪಾಗಿದ್ದವು.
ಸೂಜಿಮೊನೆಯಿಂದ ಒಂದೊಂದೇ ಗಂಟು ಬಿಡಿಸಿದೆ.
‘ದೊಡ್ಡದಕ್ಕೂ ಕಟ್ಟಲಾ?’
‘ಬೇಡಮ್ಮ. ಕಿವಿ ಇದೆಯಲ್ಲ.’
ಸಿಟ್ಟಿಗೆ ಹೇಳಿದಳೋ, ಸಿಟ್ಟು ಇಳಿದು ಹೇಳಿದಳೋ,
ತಿಳಿಯಲಿಲ್ಲ.

ಕೊಪ್ಪಲಿನ ಬಸ್ಸಿನಲ್ಲಿ ಇಬ್ಬರಿಗೂ ಸೊನ್ನೆ ರೂಪಾಯಿ ಟಿಕೆಟ್ಟು.
ಸೀಟಿನಿಂದ ಹೊರಗೆ ಚಾಚಿದ ಪೆಟ್ಟಿಗೆ ನೋಡಿ ಕಂಡಕ್ಟರು,
‘ಇದು ಹೆಣ್ಣೋ ಗಂಡೋ? ಗಂಡಾದರೆ ಚಾರ್ಜು.’
ಬೆಳಗಿನಿಂದ ಮೊದಲ ಸಲ ನಕ್ಕಳು ನನ್ನ ಮಗಳು.
‘ಇನ್ನೂ ಗೊತ್ತಿಲ್ಲ ಅಂಕಲ್,
ಇವತ್ತಷ್ಟೇ ಮನೆಗೆ ಬರ್ತಿದೆ.’

ಪರ್ಸಿನಲ್ಲಿ ಮೂರು ತುಂಡು ದಾರ.
ಎಸೆಯೋಣವೆಂದು ಕಿಟಕಿ ಸರಿಸಿದೆ.
ಗಾಳಿ ಜೋರಿತ್ತು.
ಮುಚ್ಚಿದೆ.